ಚಳಿ ತಡವಾದರೆ ಹೆಬ್ಬಾತೂ ತಡವಾಗುತ್ತದಾ?

ಓದುಗರ ಪ್ರಶ್ನೆ: ನಮ್ಮ ಕಡೆ ಈಗ ಚಳಿ ತಡವಾಗಿ ಬೀಳುತ್ತಿದೆ. ಅದಕ್ಕೇ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೆಬ್ಬಾತುಗಳು ತಡವಾಗಿ ಬರುತ್ತಿವೆ ಅಲ್ವಾ? ಇದು ಹವಾಮಾನ ಬದಲಾವಣೆ ತಾನೇ?

ದೀಪಾವಳಿ ಮುಗಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹುಬ್ಬಳ್ಳಿಯಿಂದ, ಲಕ್ಷ್ಮೇಶ್ವರದಿಂದ, ಹಾವೇರಿಯಿಂದ. ಪ್ರತಿ ವರ್ಷ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಹವಾಮಾನ ಬದಲಾವಣೆ ಹಕ್ಕಿಗಳ ವಲಸೆಯನ್ನು ಏರುಪೇರು ಮಾಡುತ್ತಿರುವುದು ನಿಜ. ಆದರೆ ನಮ್ಮೂರ ಚಳಿಗೂ ಹೆಬ್ಬಾತು ಬರುವ ದಿನಕ್ಕೂ ಸಂಬಂಧವಿಲ್ಲ. ಮಂಗೋಲಿಯಾದ ಕೆರೆಯಲ್ಲಿರುವ ಹಕ್ಕಿಗೆ ಗದಗಿನಲ್ಲಿ ಜನ ಕೌದಿ ಹೊದ್ದಿದ್ದಾರೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಇಷ್ಟು ಹೇಳಿದ ಕೂಡಲೇ ಮುಂದಿನ ಮಾತು ಬರುತ್ತದೆ. "ಹಾಗಾದರೆ ಅಲ್ಲಿಯ ಚಳಿ ತಡೆಯಲಾರದೆ ಬರುತ್ತವೆ ಅನ್ನಿ." ಅದೂ ಅಲ್ಲ. ಇದೇ ಪಟ್ಟೆ ತಲೆಯ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಟಿಬೆಟಿನಲ್ಲೇ, ಲಾಸಾ ಸುತ್ತಿನ ಕಣಿವೆಗಳಲ್ಲೇ ಚಳಿಗಾಲ ಕಳೆಯುತ್ತವೆ. ಅದು 3,600 ಮೀಟರ್ ಎತ್ತರದ ಜಾಗ. ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಕೊಯ್ಲಾದ ಹೊಲದಲ್ಲಿ ಕಾಳು ಸಿಗುತ್ತದೆ, ನದಿಯಲ್ಲಿ ಹರಿಯುವ ನೀರಿದೆ, ಹಾಗಾಗಿ ಅಲ್ಲೇ ಇರುತ್ತವೆ. ಹೆಬ್ಬಾತಿನ ಮೈಮೇಲಿನ ತುಪ್ಪಳ ಅಂಥ ಚಳಿಗೆಂದೇ ಇದೆ. ಅದು ಓಡಿ ಬರುವುದು ಚಳಿಗೆ ಹೆದರಿ ಅಲ್ಲ. ಹಿಮದಡಿ ಹುಲ್ಲು ಮುಚ್ಚಿಹೋಗುತ್ತದೆ, ಕೆರೆ ಗಟ್ಟಿಯಾಗುತ್ತದೆ, ಹೊಟ್ಟೆಗಿರುವುದಿಲ್ಲ.

ಇನ್ನೊಂದು ನೋಡಿ. ಬೂದು ಸಿಪಿಲೆ ಗೊತ್ತಲ್ಲ, ಬಾಲ ಕುಣಿಸುತ್ತಾ ನೀರಿನಂಚಲ್ಲಿ ಓಡಾಡುವ ಹಳದಿ ಹೊಟ್ಟೆಯ ಹಕ್ಕಿ. ಧಾರವಾಡಕ್ಕೆ ಅದು ಸೆಪ್ಟೆಂಬರಿನಲ್ಲೇ ಬಂದುಬಿಡುತ್ತದೆ. ಆಗ ಇಲ್ಲೂ ಚಳಿ ಇಲ್ಲ, ಅದು ಹೊರಟ ಹಿಮಾಲಯದ ಕಡೆಯೂ ಹಿಮ ಬಿದ್ದಿರುವುದಿಲ್ಲ. ಚಳಿ ಬರುವ ಮೊದಲೇ ಹೊರಡು ಅಂತ ಅದಕ್ಕೆ ಹೇಳಿದ್ದು ಯಾರು?

ಹಗಲು. ಹಗಲಿನ ಉದ್ದ.

ಇದನ್ನು ತೋರಿಸಿಕೊಟ್ಟ ಪ್ರಯೋಗಕ್ಕೆ ನೂರು ವರ್ಷವಾಯಿತು. ಶಾಲೆಗಳಿಗೆ ಹೋದಾಗ ನಾನು ಮೊದಲು ಹೇಳುವ ಕಥೆ ಇದೇ. 1920ರ ದಶಕದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ ಜುಂಕೊ ಎಂಬ ಗುಬ್ಬಿ ಗಾತ್ರದ ಹಕ್ಕಿಗಳನ್ನು ಚಳಿಗಾಲದಲ್ಲಿ ಹೊರಗಿನ ಪಂಜರದಲ್ಲಿಟ್ಟರು. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಸಂಜೆಯಾದ ಮೇಲೆ ಬಲ್ಬ್ ಹಚ್ಚಿ, ದಿನಕ್ಕೆ ಕೆಲವು ನಿಮಿಷದಂತೆ ಬೆಳಕು ಜಾಸ್ತಿ ಮಾಡುತ್ತಾ ಹೋದರು. ಆ ಕೊರೆಯುವ ಚಳಿಯಲ್ಲೇ ಹಕ್ಕಿಗಳ ಮೈ ವಸಂತ ಬಂತು ಅಂದುಕೊಂಡಿತು, ಮರಿ ಮಾಡುವ ಅಂಗಗಳು ಬೆಳೆದವು. ಬಲ್ಬ್ ಇಲ್ಲದ ಪಂಜರದ ಹಕ್ಕಿಗಳಲ್ಲಿ ಏನೂ ಆಗಲಿಲ್ಲ. ಚಳಿ ಎರಡೂ ಪಂಜರಕ್ಕೆ ಒಂದೇ. ಮುಂದೆ ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್ ಇನ್ನೂ ಒಂದು ಹೆಜ್ಜೆ ಹೋದರು. ವರ್ಷಗಟ್ಟಲೆ ಒಂದೇ ಉಷ್ಣಾಂಶ, ಒಂದೇ ಅಳತೆಯ ಹಗಲು-ರಾತ್ರಿಯಲ್ಲಿ ಹಕ್ಕಿಗಳನ್ನು ಸಾಕಿದರು. ಆದರೂ ವಲಸೆಯ ಕಾಲ ಬಂತೆಂದರೆ ಅವು ರಾತ್ರಿಯೆಲ್ಲ ಪಂಜರದಲ್ಲಿ ರೆಕ್ಕೆ ಬಡಿಯುತ್ತಿದ್ದವು. ಗಡಿಯಾರ ಹಕ್ಕಿಯ ಒಳಗೇ ಇದೆ. ಬೆಳಕು ಅದಕ್ಕೆ ಕೀಲಿ ಕೊಡುತ್ತದೆ.

ಚಳಿಗೆ ಏನೂ ಕೆಲಸವಿಲ್ಲ ಅಂತಲ್ಲ. ಬೆಳಕು ಹಕ್ಕಿಯನ್ನು ಸಜ್ಜು ಮಾಡುತ್ತದೆ. ಇವತ್ತೋ ನಾಳೆಯೋ ಅನ್ನುವುದನ್ನು ಅಲ್ಲಿಯ ಹಿಮ, ಬೆನ್ನಿಗೆ ಬೀಸುವ ಗಾಳಿ, ಮೇವು ನಿರ್ಧರಿಸುತ್ತವೆ. ಇಲ್ಲಿಗೆ ಬಂದ ಮೇಲೆ ಯಾವ ಕೆರೆ ಅನ್ನುವುದನ್ನು ನಮ್ಮ ಮಳೆ ನಿರ್ಧರಿಸುತ್ತದೆ. 2023ರಂಥ ಬರಗಾಲದಲ್ಲಿ ಕೆರೆ ಬತ್ತಿದರೆ ಅವು ಬೇರೆ ನೀರು ಹುಡುಕುತ್ತವೆ. ಮಾಗಡಿಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಬಂದೇ ಇಲ್ಲ ಅಂತಲ್ಲ. ಒಂದು ವರ್ಷ ತಡವಾದರೆ ಹವಾಮಾನ ಬದಲಾವಣೆ ಅಂತಲೂ ಅಲ್ಲ.

ಹಾಗಾದರೆ ನಿಜವಾದ ತೊಂದರೆ ಎಲ್ಲಿದೆ? ಭೂಮಿ ಎಷ್ಟೇ ಬಿಸಿಯಾದರೂ ಹಗಲಿನ ಉದ್ದ ಬದಲಾಗುವುದಿಲ್ಲ. ಮಾರ್ಚ್ 21ರ ಹಗಲು ಅಜ್ಜನ ಕಾಲದಲ್ಲೂ ಅಷ್ಟೇ, ಈಗಲೂ ಅಷ್ಟೇ. ಆದರೆ ಚಿಗುರು, ಹುಳ ಇವೆಲ್ಲ ಶಾಖದ ಲೆಕ್ಕದಲ್ಲಿ ನಡೆಯುತ್ತವೆ, ಅವು ಮುಂಚೆ ಬರುತ್ತಿವೆ. ನೆದರ್‌ಲೆಂಡ್ಸ್‌ನಲ್ಲಿ ಕಪ್ಪು ಬಿಳುಪಿನ ಒಂದು ಪುಟ್ಟ ನೊಣಹಿಡುಕ ಹಕ್ಕಿಯಿದೆ. ಚಳಿಗಾಲವನ್ನು ಪಶ್ಚಿಮ ಆಫ್ರಿಕಾದಲ್ಲಿ ಕಳೆಯುತ್ತದೆ. ಅಲ್ಲಿಂದ ಹಳೆಯ ಲೆಕ್ಕದಲ್ಲೇ ಹೊರಟು ಬರುತ್ತಿತ್ತು. ಬರುವಷ್ಟರಲ್ಲಿ ಮರಿಗೆ ತಿನ್ನಿಸುವ ಕಂಬಳಿಹುಳದ ಸುಗ್ಗಿ ಮುಗಿಯುತ್ತಾ ಬಂದಿರುತ್ತಿತ್ತು. ಹುಳ ಎಲ್ಲಕ್ಕಿಂತ ಮುಂಚೆ ಬರುವ ಕಾಡುಗಳಲ್ಲಿ ಆ ಹಕ್ಕಿ ನೂರಕ್ಕೆ ಸುಮಾರು 90 ಭಾಗ ಇಲ್ಲವಾಯಿತು ಅಂತ 2006ರಲ್ಲಿ ವರದಿಯಾಯಿತು. ಹೆಬ್ಬಾತಿನ ಮರಿಗಳು ಅಪ್ಪ ಅಮ್ಮನ ಜೊತೆ ಹಾರಿ ದಾರಿ ಕಲಿಯುತ್ತವೆ, ಹಾಗಾಗಿ ದಾರಿ, ತಂಗುವ ಜಾಗ ಬದಲಿಸಲು ಅವಕ್ಕೆ ಸ್ವಲ್ಪ ಅನುಕೂಲ. ಒಂಟಿಯಾಗಿ ಹಾರುವ ಸಣ್ಣ ಹಕ್ಕಿಗೆ ಆ ಅನುಕೂಲ ಇಲ್ಲ.

ಅಂದರೆ ಪೆಟ್ಟು ಬೀಳುವುದು ವಾಪಸ್ ಹೋಗುವ ಕಡೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ನವೆಂಬರಿನಲ್ಲಿ ಕೆರೆ ಏರಿಯ ಮೇಲೆ ಕ್ಯಾಮೆರಾ ಹಿಡಿದವರ ಸಾಲು. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದ ಮೇಲೆ ಇನ್ನೂ ಜಾಸ್ತಿ. ಮಾರ್ಚಿನಲ್ಲಿ ಒಬ್ಬರೂ ಇರುವುದಿಲ್ಲ. ಆಗ ಹೋಗಿ ನೋಡಿ. ದಂಡೆಯ ತುಂಬ ಹಸಿರು ಹಿಕ್ಕೆ, ಹುಲ್ಲಿನ ಎಳೆ ಬಿಡಿಬಿಡಿಯಾಗಿ ಕಾಣುತ್ತದೆ. ಹೊರಡುವ ಮುಂಚೆ ಅವು ತಿಂದು ತಿಂದು ಮೈ ತುಂಬಿಕೊಂಡಿರುತ್ತವೆ. ಒಂದು ಹಕ್ಕಿ ಕುತ್ತಿಗೆ ನೆಟ್ಟಗೆ ಮಾಡಿ ತಲೆ ಅಲುಗಿಸುತ್ತದೆ, ಪಕ್ಕದ್ದೂ ಅಲುಗಿಸುತ್ತದೆ, ಹಾಗೇ ಇಡೀ ಗುಂಪಿಗೆ ಹರಡುತ್ತದೆ.

ಒಂದು ಸಲ ನಾನು ಒಂದು ದಿನ ತಡವಾಗಿ ಹೋದೆ. ಕೆರೆ ಖಾಲಿ. ಪಕ್ಕದ ಹೊಲದಲ್ಲಿದ್ದ ರೈತರು ಅಂದರು: "ರಾತ್ರಿ ಭಾಳ ಒದರಿದ್ವು ರೀ. ಮುಂಜಾನೆ ಎದ್ದು ನೋಡಿದ್ರ ಒಂದೂ ಇಲ್ಲ." ಅಂಥ ರಾತ್ರಿಯ ತಾರೀಖು ಹತ್ತಿಪ್ಪತ್ತು ವರ್ಷ ಬರೆದಿಟ್ಟವರು ನಿಮ್ಮೂರಲ್ಲಿ ಯಾರಾದರೂ ಇದ್ದರೆ ತಿಳಿಸಿ. ನೋಟ್‌ಬುಕ್ ನೋಡಲು ನಾನೇ ಬರುತ್ತೇನೆ.