ಕಾಗೇರಿಯವರನ್ನು ಜಾತಿಯಿಂದ ಅಳೆಯಬೇಕಾ, ಕೆಲಸದಿಂದ ಅಳೆಯಬೇಕಾ?

ಪ್ರಶ್ನೆ: ನಾವು ಕುಮಟಾ ಕಡೆಯವರು. ಉತ್ತರ ಕನ್ನಡದ ಬಿಜೆಪಿ ಸಂಸದ ವಿಶ್ವೇಶ್ವರ ಹೆಗಡೆ ಕಾಗೇರಿಯವರ ಬಗ್ಗೆ ಮಾತು ಬಂದರೆ ‘ಹವ್ಯಕರ ಅಭ್ಯರ್ಥಿ’ ಅಂತ ಹೇಳಿ ಮುಗಿಸಿಬಿಡುತ್ತಾರೆ. ಅವರ ಹಿನ್ನೆಲೆ ಏನು? ಅವರಿಗೆ ನಿಜವಾಗಿ ಯಾವ ವಿಷಯ ಮುಖ್ಯ?

ಉತ್ತರ: ಅವರು ಹವ್ಯಕ ಬ್ರಾಹ್ಮಣರು ಹೌದು. ಶಿರಸಿ ತಾಲ್ಲೂಕಿನ ಕಾಗೇರಿ ಅವರ ಊರು. ಆದರೆ ಅಷ್ಟರಿಂದ ಅವರ ರಾಜಕೀಯ ಅರ್ಥವಾಗುವುದಿಲ್ಲ.

ಕಾಗೇರಿ ರಾಜಕೀಯಕ್ಕೆ ಬಂದದ್ದು ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತಿನ (ಎಬಿವಿಪಿ) ದಾರಿಯಿಂದ. 1994ರಲ್ಲಿ ಶಾಸಕರಾದರು, ಅದೂ ಅಂಕೋಲಾದಿಂದ. ಶಿರಸಿ ಕ್ಷೇತ್ರ ಆಗ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಹಾಲಕ್ಕಿಗಳು, ನಾಡವರು, ನಾಮಧಾರಿಗಳು, ಕೋಮಾರಪಂತರು, ಹೀಗೆ ಬೇರೆ ಬೇರೆ ಸಮುದಾಯದವರು ಇರುವ ಸೀಮೆ ಅಂಕೋಲಾ. ಆ ಕ್ಷೇತ್ರ ಅವರನ್ನು ಮೂರು ಸಲ ಆರಿಸಿತು. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾದ ಮೇಲೆ ಶಿರಸಿಗೆ ಬಂದರು, ಅಲ್ಲೂ ಮೂರು ಗೆಲುವು. 2023ರಲ್ಲಿ ಅದೇ ಶಿರಸಿಯಲ್ಲಿ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರ ಎದುರು ಸೋತರು. ಮರುವರ್ಷ ಲೋಕಸಭೆಗೆ ನಿಂತು ಮೂರು ಲಕ್ಷಕ್ಕೂ ಜಾಸ್ತಿ ಮತಗಳ ಅಂತರದಿಂದ ಗೆದ್ದರು. ಒಂದು ವರ್ಷದಲ್ಲಿ ಅವರ ಜಾತಿ ಬದಲಾಗಿರಲಿಲ್ಲ, ಅಲ್ವಾ? ಪಕ್ಷ, ಚುನಾವಣೆಯ ಹವಾ, ಎದುರಾಳಿ ಯಾರು ಅನ್ನುವುದು, ಇವೆಲ್ಲ ಜಾತಿಯಷ್ಟೇ ಲೆಕ್ಕಕ್ಕೆ ಬರುತ್ತವೆ.

ಆದ್ಯತೆ ತಿಳಿಯಬೇಕಾದರೆ ಭಾಷಣ ಬಿಟ್ಟು, ಅಧಿಕಾರ ಕೈಯಲ್ಲಿದ್ದಾಗ ಏನು ಮಾಡಿದರು ಅಂತ ನೋಡಬೇಕು. 2008ರಿಂದ 2013ರವರೆಗೆ ಅವರು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರು. 2011ರಲ್ಲಿ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದಾಗ ರಾಜ್ಯದ ತುಂಬ ಗಲಾಟೆಯಾಯಿತು. ಕಾಗೇರಿ ಅಭಿಯಾನದ ಪರವಾಗಿಯೇ ನಿಂತರು. 2019ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. 2021ರಲ್ಲಿ ‘ಒಂದು ದೇಶ, ಒಂದು ಚುನಾವಣೆ’ಯನ್ನು ಸದನದ ಚರ್ಚೆಗೆ ತಂದರು, ಕಾಂಗ್ರೆಸ್ ಪ್ರತಿಭಟಿಸಿತು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಸಾವರ್ಕರ್ ಭಾವಚಿತ್ರ ಅನಾವರಣವಾದದ್ದೂ ಇವರ ಕಾಲದಲ್ಲೇ. ಸಂಸ್ಕೃತಿ, ಶಿಕ್ಷಣ, ರಾಷ್ಟ್ರೀಯತೆ: ಈ ವಿಚಾರದಲ್ಲಿ ಅವರ ನಿಲುವು ಮುಚ್ಚುಮರೆ ಇಲ್ಲದ್ದು. ಒಪ್ಪುವವರು ಅದಕ್ಕೇ ಒಪ್ಪುತ್ತಾರೆ, ವಿರೋಧಿಸುವವರು ಅದಕ್ಕೇ ವಿರೋಧಿಸುತ್ತಾರೆ.

ಜಿಲ್ಲೆಯ ಜನ ಕೇಳುತ್ತಿರುವುದು ಇದರ ಜೊತೆಗೆ ಇನ್ನೂ ಕೆಲವು. ಮೊದಲನೆಯದು ಆಸ್ಪತ್ರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಯಿತು. (ಗುಡ್ಡ ಕುಸಿದ ಅಂಕೋಲಾದ ಶಿರೂರು ಬೇರೆ.) ಆ ವಿಡಿಯೋ ಮರೆಯುವಂಥದ್ದಲ್ಲ. ಸಿಬ್ಬಂದಿ ಓಡಿಬಂದು ಬ್ಯಾರಿಕೇಡ್ ಎಳೆಯುತ್ತಿದ್ದಾರೆ, ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡಡ್ಡ ಜಾರಿ ಬರುತ್ತದೆ. ನಾಲ್ವರು ತೀರಿಹೋದರು. ‘ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ’ ಅನ್ನುವ ಕೂಗು ಆಮೇಲೆ ಜೋರಾಯಿತು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟು, ಹೃದಯದ ತೊಂದರೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತಲೇ ಓಡಬೇಕು. ಇದು ಬಹುಮಟ್ಟಿಗೆ ರಾಜ್ಯ ಸರ್ಕಾರದ ಕೆಲಸ. ಹಾಗಂತ ಇಷ್ಟು ವರ್ಷ ಶಾಸಕರೂ ಸಚಿವರೂ ಆಗಿದ್ದವರಿಗೆ ಈ ಪ್ರಶ್ನೆ ಕೇಳುವುದು ತಪ್ಪಲ್ಲ.

ಹುಬ್ಬಳ್ಳಿ–ಅಂಕೋಲಾ ರೈಲು ನೇರವಾಗಿ ಸಂಸದರ ಪಾಲಿನದು. ದಶಕಗಳಿಂದ ಕಾಯುತ್ತಿದ್ದೇವೆ.

ಇನ್ನೊಂದು ಅರಣ್ಯ ಅತಿಕ್ರಮಣ. ನನ್ನ ಮಟ್ಟಿಗೆ ಇದೇ ದೊಡ್ಡದು. ಜಿಲ್ಲೆಯ ಬಹುಭಾಗ ಕಾಡು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಕಾಯ್ದೆ ಲೆಕ್ಕಕ್ಕೆ ಹಿಡಿಯುವ 2005ರಿಂದ ಹಿಂದಕ್ಕೆ ಎಣಿಸಿದರೆ 1930. ಆ ಕಾಲದ ಕಾಗದ ಯಾರ ಮನೆಯಲ್ಲಿದೆ? ಮಳೆಗೆ ಸೋರುವ ಮಾಡಿನ ಕೆಳಗೆ, ಅಜ್ಜನ ಟ್ರಂಕಿನಲ್ಲಿ, ಇದ್ದರೂ ಗೆದ್ದಲು ತಿಂದಿರುತ್ತದೆ. ಈ ತೊಂದರೆ ಹವ್ಯಕರ ತೋಟದಂಚಿನಲ್ಲೂ ಇದೆ, ನಾಮಧಾರಿಗಳ ಮನೆಯಲ್ಲೂ ಇದೆ, ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಅಂತ ಕೇಳುತ್ತಿರುವ ಹಾಲಕ್ಕಿಗಳ ಕೊಪ್ಪದಲ್ಲೂ ಇದೆ. ಇದು ಕೇಂದ್ರದ ಕಾಯ್ದೆ. ತಿದ್ದುಪಡಿ ಆಗಬೇಕಾದರೆ ಸಂಸತ್ತಿನಲ್ಲೇ ಆಗಬೇಕು. ಕಾಗೇರಿಯವರು ಈಗ ಕೂತಿರುವುದೂ ಅಲ್ಲೇ. ನಿಮ್ಮೂರಿಗೆ ಬಂದಾಗ ಆ 75 ವರ್ಷದ ಷರತ್ತಿನ ಬಗ್ಗೆ ಕೇಳಿ ನೋಡಿ.