ಬಣ್ಣ ಆಮೇಲೆ, ಮೊದಲು ದಪ್ಪ ಹೇಳಿ

ಮನೆ ಕೆಲಸ ಮುಗಿಯುತ್ತಾ ಬಂದಾಗ ನನಗೆ ಬರುವ ಫೋನು ಹೆಚ್ಚುಕಡಿಮೆ ಒಂದೇ ರೀತಿಯದು. "ಇಂಜಿನಿಯರ್ರೇ, ಮೆಟ್ಟಿಲಿಗೆ ಕಪ್ಪು ಗ್ರಾನೈಟ್ ಹಾಕುವುದಾ, ಕೆಂಪು ಹಾಕುವುದಾ? ನಾವೀಗ ಅಂಗಡಿಯಲ್ಲೇ ಇದ್ದೇವೆ." ಹಿಂದೆ ಕಲ್ಲು ಕೊಯ್ಯುವ ಮೆಶಿನಿನ ಸದ್ದು ಕೇಳುತ್ತಿರುತ್ತದೆ. "ಕಲ್ಲು ಎಷ್ಟು ದಪ್ಪ? ಉಪ್ಪರಿಗೆಯ ನೆಲಕ್ಕೆ ಏನು ಹಾಕುತ್ತೀರಿ?" ಎಂದು ನಾನು ತಿರುಗಿ ಕೇಳಿದರೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೆಲ್ಲ ಮೇಸ್ತ್ರಿ ನೋಡಿಕೊಳ್ಳುತ್ತಾರೆ, ನೀವು ಬಣ್ಣ ಹೇಳಿ ಮಾರಾಯ್ರೇ."

ಮೇಸ್ತ್ರಿ ನೋಡಿಕೊಳ್ಳಲಾರರು. ಕಾಂಕ್ರೀಟ್ ಬಿದ್ದ ಮೇಲೆ ನೋಡಿಕೊಳ್ಳಲು ಅವರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಹೊಸ ಮನೆಗಿಂತ ಹಳೆ ಮನೆಯ ರಿಪೇರಿಯಲ್ಲಿ ಈ ತೊಂದರೆ ಜಾಸ್ತಿ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕೆಂಪುಕಲ್ಲಿನ ಗೋಡೆ, ಕಾವಿ ನೆಲ, ಕಾವಿ ಮೆಟ್ಟಿಲಿನ ಮನೆಗಳು ಇನ್ನೂ ಸಾಕಷ್ಟಿವೆ. ಮನೆಯಲ್ಲಿ ಮದುವೆಯೋ ಉಪನಯನವೋ ನಿಶ್ಚಯವಾಗುತ್ತದೆ. ಗಲ್ಫಿನಲ್ಲಿರುವ ಮಗ ಹಣ ಕಳುಹಿಸುತ್ತಾನೆ. ಇಡೀ ಮನೆಯ ನೆಲ ಬದಲಿಸುವಷ್ಟು ಸಮಯವಿಲ್ಲ, ಬಂದವರ ಕಣ್ಣಿಗೆ ಬೀಳುವ ಮೆಟ್ಟಿಲಿಗಾದರೂ ಗ್ರಾನೈಟ್ ಹಾಕೋಣ ಎಂದು ತೀರ್ಮಾನವಾಗುತ್ತದೆ. ಹದಿನೈದು ದಿನದಲ್ಲಿ ಹಳೆಯ ಕಾವಿಯ ಮೇಲೆಯೇ ಹೊಸ ಕಲ್ಲು ಕೂರುತ್ತದೆ.

ಬೇಡ ಎಂದರೆ ಎಲ್ಲರೂ ಹೇಳುವುದು ಒಂದೇ: "ಎಲ್ಲ ಮೆಟ್ಟಿಲಿಗೂ ಒಂದೇ ದಪ್ಪದ ಕಲ್ಲು. ಎಲ್ಲವೂ ಸಮನಾಗಿ ಏರುತ್ತವೆ. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು?"

ದಯವಿಟ್ಟು ಒಂದು ಚೀಟಿ, ಪೆನ್ಸಿಲ್ ಹಿಡಿದುಕೊಳ್ಳಿ. ಕೆಳಗಿನ ನೆಲದಿಂದ ಉಪ್ಪರಿಗೆಯ ನೆಲಕ್ಕೆ 306 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕಿರುವ ಎತ್ತರವೇ ಏರು; ಇಲ್ಲಿ 17 ಸೆಂಟಿಮೀಟರಿನ 18 ಏರು. ಹದಿನೆಂಟನೆಯ ಏರಿಗೆ ಕಾಲಿಡುವುದು ಮೆಟ್ಟಿಲಿನ ಮೇಲಲ್ಲ, ಉಪ್ಪರಿಗೆಯ ನೆಲದ ಮೇಲೆ. ಅಂದರೆ ನೀವು ಕಲ್ಲು ಹಾಕುವ ಮೆಟ್ಟಿಲುಗಳು 17 ಮಾತ್ರ. ಮೊದಲನೆಯದು ನೆಲದಿಂದ 17 ಸೆಂಟಿಮೀಟರ್ ಎತ್ತರದಲ್ಲಿದೆ, ಎರಡನೆಯದು 34ರಲ್ಲಿ, ಹೀಗೆ ಹೋಗಿ ಹದಿನೇಳನೆಯದು 289ರಲ್ಲಿ. ಈಗ 18 ಮಿಲಿಮೀಟರಿನ ಗ್ರಾನೈಟ್, ಅಡಿಯಲ್ಲಿ ಎರಡು ಸೆಂಟಿಮೀಟರ್ ಮೀರಿದ ಗಾರೆ, ಒಟ್ಟು 4 ಸೆಂಟಿಮೀಟರ್ ಏರಿಸಿ. ಮೊದಲನೆಯದು 21ಕ್ಕೆ ಬಂತು. ಎರಡನೆಯದು 38, ಹದಿನೇಳನೆಯದು 293. ನಡುವಿನವೆಲ್ಲ ಮೊದಲಿನಂತೆಯೇ 17ರ ಅಂತರದಲ್ಲಿವೆ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಕೆಳಗಿನ ನೆಲ ಇದ್ದಲ್ಲೇ ಇದೆ, ಉಪ್ಪರಿಗೆಯ ನೆಲವೂ 306ರಲ್ಲೇ ಇದೆ. ಹಾಗಾಗಿ ಬುಡದ ಏರು 21, ತುದಿಯ ಏರು 13. ಒಂದೇ ಮೆಟ್ಟಿಲಸಾಲಿನಲ್ಲಿ 8 ಸೆಂಟಿಮೀಟರ್ ವ್ಯತ್ಯಾಸ. ಹಾಕಿದ ದಪ್ಪದ ಇಮ್ಮಡಿ!

ಮನೆಗಳಲ್ಲಿ ಏರು 19 ಸೆಂಟಿಮೀಟರ್ ಮೀರಬಾರದು ಎನ್ನುತ್ತದೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ. ಅಮೆರಿಕದಲ್ಲಿ ಮನೆಗಳಿಗೆ ಅನುಸರಿಸುವ ಸಂಹಿತೆ ಇನ್ನೂ ಬಿಗಿ: ಒಂದು ಸಾಲಿನ ಅತಿ ದೊಡ್ಡ ಏರಿಗೂ ಅತಿ ಸಣ್ಣ ಏರಿಗೂ ಒಂದು ಇಂಚಿನ ಎಂಟರಲ್ಲಿ ಮೂರು ಭಾಗ, ಅಂದರೆ 9.5 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಅಷ್ಟು ಕಟ್ಟುನಿಟ್ಟು ಯಾಕೆಂದರೆ ಮೆಟ್ಟಿಲಿಳಿಯುವಾಗ ನಾವು ಪ್ರತಿ ಹೆಜ್ಜೆಯನ್ನೂ ನೋಡಿ ಇಡುವುದಿಲ್ಲ. ಎರಡು ಮೂರು ಹೆಜ್ಜೆಯಲ್ಲಿ ಕಾಲು ಅಳತೆ ಕಲಿತುಬಿಡುತ್ತದೆ, ಮುಂದಿನದು ಅಭ್ಯಾಸಬಲ. ಹದಿನಾರು ಸಲ 17 ಇಳಿದ ಕಾಲು ಬುಡದಲ್ಲಿ ನೆಲ ಸಿಗಬೇಕಾದಲ್ಲಿ ಸಿಗದೆ ಇನ್ನೂ ನಾಲ್ಕು ಸೆಂಟಿಮೀಟರ್ ಕೆಳಕ್ಕೆ ಹೋಗುತ್ತದೆ. ಬೀಳುವುದು ಅಲ್ಲಿ.

ಕೆಲವು ವರ್ಷಗಳ ಹಿಂದೆ ನೀರ್ಚಾಲಿನ ಹತ್ತಿರದ ಒಂದು ಮನೆಯಲ್ಲಿ ಇದೇ ಆಯಿತು. ಮೊಮ್ಮಗನ ಉಪನಯನಕ್ಕೆಂದು ಮೆಟ್ಟಿಲಿಗೆ ಕರಿಯ ಗ್ರಾನೈಟ್ ಹಾಕಿಸಿದ್ದರು. ಆ ಮನೆಯ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಅದೇ ಮೆಟ್ಟಿಲು ಹತ್ತಿಳಿದವರು. ಕರೆಂಟು ಹೋದರೆ ಕತ್ತಲಲ್ಲೇ ಅಟ್ಟದಿಂದ ಉಪ್ಪಿನಕಾಯಿ ಭರಣಿ ತರುತ್ತಿದ್ದವರು. ಕಲ್ಲು ಹಾಕಿದ ಎರಡನೇ ವಾರದಲ್ಲಿ ಬುಡದ ಮೆಟ್ಟಿಲಿನಿಂದ ಮುಗ್ಗರಿಸಿದರು, ಮಣಿಕಟ್ಟು ಮುರಿಯಿತು. "ವಯಸ್ಸಾಯಿತಲ್ಲ, ಕಣ್ಣು ಮಂಜು" ಎಂದರು ಮನೆಯವರು. ಅಜ್ಜಿಯೂ ಹಾಗೆಯೇ ನಂಬಿ ಮೇಲೆ ಹೋಗುವುದನ್ನೇ ಬಿಟ್ಟಿದ್ದರು. ನಾನು ಹೋದದ್ದು ಬೇರೇನೋ ಕೆಲಸಕ್ಕೆ, ಬಚ್ಚಲಿನ ಸೋರಿಕೆ ನೋಡಲು. ಇಳಿಯುವಾಗ ನನ್ನ ಕಾಲೂ ಅಲ್ಲೇ ತಪ್ಪಿತು. ಟೇಪು ಹಿಡಿದೆ. 21.

ಅಜ್ಜಿಯ ಕಣ್ಣಿನದೇನೂ ತಪ್ಪಿರಲಿಲ್ಲ. ಅದನ್ನು ಅವರ ಎದುರಿಗೇ, ಎರಡು ಸಲ ಹೇಳಿ ಬಂದೆ.

ಹಾಗಾದರೆ ತೆಳುವಾದದ್ದು ಹಾಕೋಣವೇ? 9 ಮಿಲಿಮೀಟರಿನ ಟೈಲ್, 4 ಮಿಲಿಮೀಟರಿನ ಅಂಟು ಎಂದರೂ ವ್ಯತ್ಯಾಸ 26 ಮಿಲಿಮೀಟರ್. ಎರಡು ಮೂರು ಮಿಲಿಮೀಟರಿನ ವಿನೈಲ್ ಹಾಳೆ ಲೆಕ್ಕದಲ್ಲಿ ಪಾಸಾಗುತ್ತದೆ, ಆದರೆ ತೇವ ಏರುವ ಗೋಡೆಯ ಪಕ್ಕ ಅದು ಏಳುವುದನ್ನು ನಾನು ಕಂಡಿದ್ದೇನೆ. ಸರಿಯಾದ ದಾರಿ ಎರಡು: ಹಳೆಯ ಗಾರೆಯನ್ನು ಕೆತ್ತಿ ತೆಗೆದು ಅಷ್ಟೇ ದಪ್ಪದ್ದನ್ನು ಹಾಕುವುದು, ಇಲ್ಲವೇ ಕೆಳಗಿನ ನೆಲ, ಉಪ್ಪರಿಗೆಯ ನೆಲ ಎರಡನ್ನೂ ಮೆಟ್ಟಿಲಿನಷ್ಟೇ ಏರಿಸುವುದು. ಎಷ್ಟು ಕೆತ್ತಬಹುದು ಎಂಬುದನ್ನು ಸ್ಥಳ ನೋಡದೆ ಯಾರೂ ಹೇಳಬಾರದು. ಕಂಬಿಯ ತನಕ ಹೋದರೆ ಬೇರೆಯೇ ಕಥೆ. ಭಾರವನ್ನೂ ನೆನಪಿಡಿ. 18 ಮಿಲಿಮೀಟರಿನ ಗ್ರಾನೈಟ್ ಚದರ ಮೀಟರಿಗೆ ಹತ್ತಿರ ಹತ್ತಿರ 50 ಕಿಲೋ, ಗಾರೆ ಸೇರಿದರೆ 90ರ ಆಸುಪಾಸು. ಗೋಡೆಯಿಂದ ಚಾಚಿ ನಿಂತ ಹಳೆಯ ಮೆಟ್ಟಿಲಾದರೆ ಇಂಜಿನಿಯರಿಗೆ ತೋರಿಸದೆ ಮುಟ್ಟಬೇಡಿ. ಮೂರನೆಯ ದಾರಿಯೊಂದಿದೆ, ಕೇಳುವವರು ಕಡಿಮೆ: ಕಾವಿ ಚೆನ್ನಾಗಿದ್ದರೆ ಹಾಗೇ ಬಿಡಿ. ಐವತ್ತು ವರ್ಷ ಬರಿಗಾಲು ಉಜ್ಜಿದ ಆ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹೊಸ ಮನೆಯಾದರೆ ಇದಕ್ಕೆಲ್ಲ ಹಣವೇ ಬೇಡ. ಸೆಂಟ್ರಿಂಗ್ ಹಲಗೆ ಹೊಡೆಯುವ ಮೊದಲು ಮೂರು ದಪ್ಪ ಹೇಳಿದರೆ ಸಾಕು: ಕೆಳಗಿನ ನೆಲದ್ದು, ಮೆಟ್ಟಿಲಿನದು, ಉಪ್ಪರಿಗೆಯದು. ನೆಲಕ್ಕೆ 5, ಮೆಟ್ಟಿಲಿಗೆ 4 ಸೆಂಟಿಮೀಟರ್ ಎಂದಾದರೆ ಮೊದಲ ಏರನ್ನು ಕಾಂಕ್ರೀಟಿನಲ್ಲಿ 18 ಮಾಡುತ್ತೇವೆ, ಕೊನೆಯದನ್ನು 16. ಕಚ್ಚಾ ಕೆಲಸ ನೋಡಿದವರಿಗೆ ಸೊಟ್ಟ ಕಾಣುತ್ತದೆ, ಕಲ್ಲು ಕೂತ ಮೇಲೆ ಎಲ್ಲವೂ 17. ನಡುವೆ ತಿರುಗುವ ಲ್ಯಾಂಡಿಂಗಿಗೂ ಮೆಟ್ಟಿಲಿನ ದಪ್ಪವೇ ಇರಲಿ.

ಉಳಿದದ್ದು ಚುಟುಕಾಗಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಮ್ಮದು; ತಾರಸಿಯಲ್ಲಿ ಹರವಿದ ಅಡಿಕೆ ಒಟ್ಟುಮಾಡಲು ಒದ್ದೆ ಕಾಲಲ್ಲಿ ಓಡುವ ಮನೆಯಲ್ಲಿ ಕನ್ನಡಿಯಂಥ ಪಾಲಿಶ್ ಬೇಡ. ಅದೇ ಕಲ್ಲು ಸ್ವಲ್ಪ ತರಿತರಿಯಾದ ಲೆದರ್ ಫಿನಿಶಿನಲ್ಲಿ ಸಿಗುತ್ತದೆ. ಟೈಲಾದರೆ ಡಬ್ಬದ ಮೇಲೆ ಜಾರದಿರುವ ಗುಣ ಸೂಚಿಸುವ ಆರ್‌10 ಎಂಬ ಗುರುತು ಕೇಳಿ, ಹೊರಗಿನ ಮೆಟ್ಟಿಲಿಗೆ ಆರ್‌11. ಮಾರ್ಬಲ್ ಚಂದ, ಆದರೆ ಪುನರ್ಪುಳಿ ಶರಬತ್ತು ಚೆಲ್ಲಿದರೆ ಹುಳಿ ಅದರ ಹೊಳಪನ್ನು ತಿನ್ನುತ್ತದೆ. ಮರಕ್ಕೆ ಗೆದ್ದಲಿನ ಕಾವಲು ಬೇಕು. ಮೆಟ್ಟಿಲಿನ ಮೇಲೂ ಮುಂದೂ ಒಂದೇ ಕಪ್ಪು ಹಾಕಿದರೆ ಅಂಚು ಕಾಣುವುದಿಲ್ಲ. ಬಣ್ಣದ ಬಗ್ಗೆ ನಾನು ಹೇಳುವುದು ಇಷ್ಟೇ, ಮುಂಭಾಗಕ್ಕೆ ತಿಳಿ ಬಣ್ಣ ಕೊಡಿ.

ನೀರ್ಚಾಲಿನ ಮನೆಯವರು ಕಲ್ಲು ಕೀಳಲು ಒಪ್ಪಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೆಳಗೆ ಚಾವಡಿಗೂ ಮೇಲೆ ಉಪ್ಪರಿಗೆಗೂ ಗಾರೆ ಸೇರಿ 4 ಸೆಂಟಿಮೀಟರ್ ಬರುವಂತೆ ಟೈಲ್ ಹಾಕಿಸಿದರು. ಹೊಸ್ತಿಲುಗಳು ಅಷ್ಟು ತಗ್ಗಿದವು, ಆಚಾರಿ ಬಂದು ಆರು ಬಾಗಿಲುಗಳ ಅಡಿ ಕೊಯ್ದುಕೊಟ್ಟರು. ಖರ್ಚು ಮೆಟ್ಟಿಲಿಗಿಂತ ಹೆಚ್ಚಾಯಿತು. ಕೆಲಸ ಮುಗಿದ ದಿನ ನಾನು ಪ್ರತಿ ಏರಿಗೂ ಟೇಪು ಹಿಡಿಯುತ್ತಿದ್ದಾಗ ಅಜ್ಜಿ ಕೆಳಗೆ ನಿಂತು ನೋಡುತ್ತಿದ್ದರು. ಕೊನೆಯದೂ 17 ಎಂದಾಗ ಕೈಚಾಚಿ ಗೋಡೆ ಹಿಡಿದು ಒಂದೊಂದಾಗಿ ಹತ್ತಿ ಮೇಲೆ ಹೋದರು. ಇಳಿಯುವಾಗ ಭರಣಿ ತಂದರು.