ಹಲ್ಲಿಗಿಲ್ಲ, ಕನ್ನಡಕಕ್ಕಿಲ್ಲ: ಮೆಡಿಕೇರ್ ಹೀಗೇಕಾಯಿತು?

ಅಮೆರಿಕದಲ್ಲಿ 65 ತುಂಬಿದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್. ಅದರ ಕಾರ್ಡು ಕೈಗೆ ಬಂದರೆ ಆಸ್ಪತ್ರೆ ಖರ್ಚಿನ ಚಿಂತೆ ಮುಗಿಯಿತು ಎಂದುಕೊಂಡವರಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಗೊತ್ತಾಗುತ್ತದೆ. ಮಾಮೂಲಿ ಹಲ್ಲಿನ ಚಿಕಿತ್ಸೆ, ಕನ್ನಡಕ, ಕಿವಿ ಮೆಷಿನ್ ಯಾವುದಕ್ಕೂ ಮೂಲ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಕೈಲಾಗದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಖರ್ಚೂ ಅದರದ್ದಲ್ಲ. ಸಾಲದ್ದಕ್ಕೆ ಎ, ಬಿ, ಸಿ, ಡಿ ಅಂತ ನಾಲ್ಕು ಪಾರ್ಟ್. ಯಾರೋ ಕೂತು ಯೋಚಿಸಿ ಮಾಡಿದ ಏರ್ಪಾಡಿನ ಹಾಗೆ ಕಾಣುವುದೇ ಇಲ್ಲ. ನಿಜವೂ ಅದೇ. ಅರವತ್ತು ವರ್ಷಗಳ ಜಗಳ ಮತ್ತು ರಾಜಿಗಳಲ್ಲಿ ಒಂದೊಂದಾಗಿ ಸೇರಿಕೊಂಡದ್ದು ಇದು.

1945ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಕೇಳಿದ್ದು ಎಲ್ಲ ವಯಸ್ಸಿನವರಿಗೂ ವಿಮೆ. ಡಾಕ್ಟರುಗಳ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದು ಸಮಾಜವಾದ ಎಂದು ಬೊಬ್ಬೆ ಹಾಕಿತು. ಟ್ರೂಮನ್ ಯೋಜನೆ ಬಿದ್ದುಹೋಯಿತು. ಆಮೇಲೆ ಅವರ ಪಕ್ಷದವರು ಕೇಳಿಕೆಯನ್ನೇ ಚಿಕ್ಕದು ಮಾಡಿಕೊಂಡರು: ಮುದುಕರಿಗಾದರೂ ಕೊಡಿ. ಅದಕ್ಕೆ ಕಾರಣವೂ ಇತ್ತು. ಕೆಲಸದಲ್ಲಿದ್ದವರಿಗೆ ಕಂಪನಿಯ ಕಡೆಯಿಂದ ವಿಮೆ ಸಿಗುತ್ತಿತ್ತು, ನಿವೃತ್ತರಿಗೆ ಅದು ಸಿಗುವುದೇ ಕಷ್ಟ. ಇದನ್ನೂ ಡಾಕ್ಟರುಗಳು ಒಪ್ಪಲಿಲ್ಲ. 1961ರಲ್ಲಿ ಒಬ್ಬ ಸಿನಿಮಾ ನಟನಿಂದ ವಿರೋಧದ ಭಾಷಣ ಮಾಡಿಸಿ ಗ್ರಾಮಾಫೋನ್ ರೆಕಾರ್ಡು ಮಾಡಿದರು. ಡಾಕ್ಟರುಗಳ ಹೆಂಡತಿಯರು ಅಕ್ಕಪಕ್ಕದವರನ್ನು ಕಾಫಿಗೆ ಕರೆದು ಅದನ್ನು ಕೇಳಿಸುತ್ತಿದ್ದರು. ಆ ನಟ ರೊನಾಲ್ಡ್ ರೇಗನ್. ಅವರ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

1965ರಲ್ಲಿ ಸಂಸತ್ತಿನ ಮುಂದೆ ಮೂರು ಯೋಜನೆಗಳಿದ್ದವು. ಸಂಬಳದಿಂದ ತೆರಿಗೆ ಹಿಡಿದು ಆಸ್ಪತ್ರೆ ಖರ್ಚು ಕೊಡುವುದು ಡೆಮಾಕ್ರಾಟರ ಯೋಜನೆ. ಬೇಕಾದವರು ತಿಂಗಳ ಕಂತು ಕಟ್ಟಿ ಡಾಕ್ಟರ ಫೀಸಿಗೆ ವಿಮೆ ಪಡೆಯುವುದು ರಿಪಬ್ಲಿಕನ್ನರ ದಾರಿ. ಬಡವರಿಗೆ ಮಾತ್ರ ರಾಜ್ಯಗಳ ಮೂಲಕ ಕೊಟ್ಟರೆ ಸಾಕು ಎನ್ನುವುದು ಡಾಕ್ಟರುಗಳ ವಾದ. ತೆರಿಗೆ ಸಮಿತಿಯ ಅಧ್ಯಕ್ಷ ವಿಲ್ಬರ್ ಮಿಲ್ಸ್ ಯಾವುದನ್ನೂ ಬಿಡಲಿಲ್ಲ, ಮೂರನ್ನೂ ಒಂದೇ ಮಸೂದೆಯೊಳಗೆ ಸೇರಿಸಿಬಿಟ್ಟರು. ಮೊದಲನೆಯದು ಪಾರ್ಟ್ ಎ. ಎರಡನೆಯದು ಪಾರ್ಟ್ ಬಿ. ಮೂರನೆಯದು ಮೆಡಿಕೆಯ್ಡ್ ಎಂಬ ಬೇರೆಯದೇ ಯೋಜನೆಯಾಯಿತು. ಒಂದೇ ಆಪರೇಷನ್ನಿಗೆ ಆಸ್ಪತ್ರೆಯ ಬಿಲ್ಲು ಒಂದು ಲೆಕ್ಕದಲ್ಲಿ, ಸರ್ಜನ್ನಿನ ಬಿಲ್ಲು ಇನ್ನೊಂದು ಲೆಕ್ಕದಲ್ಲಿ ಬರುವುದು ಇದಕ್ಕೇ.

ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿಯಲ್ಲಿದ್ದ ಟ್ರೂಮನ್ ಅವರ ಊರಿಗೇ ಹೋಗಿ ಸಹಿ ಹಾಕಿದರು. ಮೊದಲ ಕಾರ್ಡು ಟ್ರೂಮನ್ ಅವರಿಗೆ ಹೋಯಿತು. ಮರುವರ್ಷ ಯೋಜನೆ ಜಾರಿಗೆ ಬರುವಾಗ ದೊಡ್ಡ ಬದಲಾವಣೆಯೊಂದು ಆಯಿತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ವಾರ್ಡು, ಕೆಲವು ಕಡೆ ಪ್ರವೇಶವೇ ಇಲ್ಲ. ಭೇದ ಮಾಡುವ ಆಸ್ಪತ್ರೆಗೆ ಮೆಡಿಕೇರ್ ಹಣವಿಲ್ಲ ಎಂದು ಸರ್ಕಾರ ಪಟ್ಟು ಹಿಡಿಯಿತು. ಕೋರ್ಟು ಕಚೇರಿ ಸುತ್ತಿದರೂ ಅಲುಗಾಡದ ಗೋಡೆಗಳು ಕೆಲವೇ ತಿಂಗಳಲ್ಲಿ ಬಿದ್ದವು. ಮೆಡಿಕೇರ್ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಎಂದು ನನಗನಿಸುತ್ತದೆ. ಅದು ಚಿಕಿತ್ಸೆಯ ಲೆಕ್ಕದಲ್ಲಿ ಬರುವುದೇ ಇಲ್ಲ ಅನ್ನುವುದು ಬೇರೆ ಮಾತು.

ಆಗ ಪಾರ್ಟ್ ಬಿ ಕಂತು ತಿಂಗಳಿಗೆ 3 ಡಾಲರ್. 2025ರಲ್ಲಿ 185 ಡಾಲರ್, ಆದಾಯ ಜಾಸ್ತಿಯಿದ್ದರೆ ಇನ್ನೂ ಹೆಚ್ಚು. ಆ ವರ್ಷ ಆಸ್ಪತ್ರೆಗೆ ಸೇರಿದರೆ ಮೊದಲ 1,676 ಡಾಲರ್ ರೋಗಿಯದ್ದೇ ಆಗಿತ್ತು. ಡಾಕ್ಟರ ಬಿಲ್ಲಿನಲ್ಲಿ ವರ್ಷದ ಮೊದಲ ಒಂದಿಷ್ಟು (2025ರಲ್ಲಿ 257 ಡಾಲರ್) ಕಟ್ಟಿದ ಮೇಲೂ ಶೇಕಡಾ 20 ರೋಗಿಯ ತಲೆಗೆ. ಈ ಶೇಕಡಾ 20ಕ್ಕೆ ಮೇಲ್ಮಿತಿ ಇಲ್ಲ. ಕ್ಯಾನ್ಸರ್ ಬಂದರೆ ಗತಿಯೇನು ಅಲ್ವಾ?

ಈ ತೂತು ಮುಚ್ಚಲು 1988ರಲ್ಲಿ ಒಂದು ಕಾನೂನು ಬಂತು. ಸಹಿ ಹಾಕಿದವರು ಅದೇ ರೇಗನ್, ಅಷ್ಟು ಹೊತ್ತಿಗೆ ಅವರು ಅಧ್ಯಕ್ಷರು. ಆದರೆ ಖರ್ಚನ್ನು ಹಿರಿಯರೇ ಭರಿಸಬೇಕಿತ್ತು, ಅನುಕೂಲಸ್ಥರಿಗೆ ಹೆಚ್ಚುವರಿ ತೆರಿಗೆ. ಹಿರಿಯರು ರೊಚ್ಚಿಗೆದ್ದರು. ಶಿಕಾಗೋದಲ್ಲಿ ಈ ಕಾನೂನಿನ ಪರವಾಗಿದ್ದ ಸಂಸದ ಡ್ಯಾನ್ ರಾಸ್ಟೆನ್‌ಕೌಸ್ಕಿ ಅವರ ಕಾರಿಗೆ ಅಡ್ಡ ಹಾಕಿದರು. 1989ರಲ್ಲಿ ಕಾನೂನೇ ರದ್ದಾಯಿತು. ತೂತು ಹಾಗೇ ಉಳಿಯಿತು. ಅದಕ್ಕೇ ಇವತ್ತು ಜನ ಮೆಡಿಗ್ಯಾಪ್ ಎಂಬ ಖಾಸಗಿ ಪಾಲಿಸಿ ಕೊಳ್ಳುತ್ತಾರೆ, ಇಲ್ಲವೇ ಪಾರ್ಟ್ ಸಿ ಹಿಡಿಯುತ್ತಾರೆ. ಇದು ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್. 1997ರಲ್ಲಿ ಬಂತು. ಖರ್ಚಿಗೆ ವರ್ಷದ ಮಿತಿಯಿದೆ, ಹಲ್ಲು ಕಣ್ಣಿಗೂ ಸಾಮಾನ್ಯವಾಗಿ ಒಂದಿಷ್ಟು ಕೊಡುತ್ತಾರೆ. ಆದರೆ ಸಾಮಾನ್ಯವಾಗಿ ಅವರ ಪಟ್ಟಿಯಲ್ಲಿರುವ ಡಾಕ್ಟರನ್ನೇ ನೋಡಬೇಕು, ಎಷ್ಟೋ ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಕೇಳಬೇಕು. ಈಗ ಅರ್ಧಕ್ಕಿಂತ ಹೆಚ್ಚು ಹಿರಿಯರು ಅದರಲ್ಲೇ ಇದ್ದಾರೆ.

ಮಾತ್ರೆಗಳಿಗೆ ಹಣ ಸಿಗಲು 2006ರವರೆಗೆ ಕಾಯಬೇಕಾಯಿತು. ಅದು ಪಾರ್ಟ್ ಡಿ. ಬೆಲೆಯ ಬಗ್ಗೆ ಸರ್ಕಾರ ಔಷಧ ಕಂಪನಿಗಳ ಜೊತೆ ಚೌಕಾಸಿ ಮಾಡಬಾರದು ಎಂದು ಆ ಕಾನೂನಿನಲ್ಲೇ ಬರೆದಿತ್ತು! 2022ರ ಕಾನೂನು ಅದನ್ನು ಸ್ವಲ್ಪ ಸಡಿಲಿಸಿತು. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ ಬಂತು. 2025ರಲ್ಲಿ ಪಾರ್ಟ್ ಡಿ ಔಷಧಗಳಿಗೆ ವರ್ಷಕ್ಕೆ 2,000 ಡಾಲರ್ ಮಿತಿಯೂ ಬಂತು.

ಇನ್ನು ಯಾರಿಗೆ ಸಿಗುತ್ತದೆ ಎನ್ನುವ ವಿಷಯ. ಅಲ್ಲಿರುವ ಕನ್ನಡಿಗರ ಮನೆಗಳಿಗೆ ಇದೇ ಮುಖ್ಯ. ತಾನು ಅಥವಾ ಗಂಡ/ಹೆಂಡತಿ ಹತ್ತು ವರ್ಷ ಮೆಡಿಕೇರ್ ತೆರಿಗೆ ಕಟ್ಟಿದ್ದರೆ ಪಾರ್ಟ್ ಎಗೆ ಕಂತಿಲ್ಲ. ಮಗ ಇಪ್ಪತ್ತು ವರ್ಷ ಕಟ್ಟಿದ್ದರೂ ಅದು ಅಪ್ಪ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ. ಗ್ರೀನ್ ಕಾರ್ಡ್ ಮೇಲೆ ಹೋದ ಹಿರಿಯರು ಐದು ವರ್ಷ ಬಿಡದೆ ಅಲ್ಲೇ ವಾಸವಿದ್ದ ಮೇಲೆ ಕಂತು ಕಟ್ಟಿ ಸೇರಬಹುದು. 2025ರ ಲೆಕ್ಕದಲ್ಲಿ ಪಾರ್ಟ್ ಎಗೆ 518, ಬಿಗೆ 185, ಒಟ್ಟು ತಿಂಗಳಿಗೆ 703 ಡಾಲರ್, ಒಬ್ಬರಿಗೆ.

ನಿವೃತ್ತರಾಗಿ ಮೈಸೂರಿಗೋ ಧಾರವಾಡಕ್ಕೋ ವಾಪಸ್ ಬಂದವರದ್ದು ಇನ್ನೊಂದು ಪೇಚು. ಇಲ್ಲಿನ ಆಸ್ಪತ್ರೆ ಬಿಲ್ಲಿಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಸುಮ್ನೆ ಯಾಕೆ ಕಟ್ಟುವುದು ಎಂದು ಪಾರ್ಟ್ ಬಿ ಬಿಟ್ಟರೆ, ನಾಳೆ ಮಕ್ಕಳ ಹತ್ತಿರ ವಾಪಸ್ ಹೋದಾಗ ಬಿಟ್ಟ ಪ್ರತಿ ಪೂರ್ತಿ ವರ್ಷಕ್ಕೆ ಕಂತಿನ ಮೇಲೆ ಶೇಕಡಾ 10 ದಂಡ ಬೀಳುತ್ತದೆ. ಸಾಮಾನ್ಯವಾಗಿ ಅದು ಒಂದು ಸಲ ಕಟ್ಟಿ ಮುಗಿಯುವ ದಂಡವಲ್ಲ, ಪಾರ್ಟ್ ಬಿ ಇರುವವರೆಗೂ ಪ್ರತಿ ತಿಂಗಳು ಕಟ್ಟುತ್ತಿರಬೇಕು.